ತಡವಾಗಿ ಬಂದ ಮನ್ನಣೆ

ಪುಣೆಯ ಲಾ ಕಾಲೇಜು ರಸ್ತೆಯಲ್ಲಿ ನಿತ್ಯವೂ ಸಂಚರಿಸುವ ಕನ್ನಡಿಗರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟಿನ ಹೆಬ್ಬಾಗಿಲ ಮುಂದೆ ಕ್ಷಣಕಾಲ ನಿಂತವರು ವಿರಳ. 1960ರಲ್ಲಿ ಆ ಸಂಸ್ಥೆ ಸ್ಥಾಪನೆಯಾಗುವ ಮುನ್ನ ಅಲ್ಲಿದ್ದುದು ಪ್ರಭಾತ್ ಸ್ಟುಡಿಯೋ. 1925ರಲ್ಲಿ ಬೆಂಗಳೂರಿನಲ್ಲಿ ಜನಿಸಿದ, ಪಡುಕೋಣೆ ಮನೆತನದ ಗುರುದತ್ತರು 1944ರಲ್ಲಿ ಚಿತ್ರರಂಗದ ಓನಾಮ ಕಲಿತದ್ದು ಅಲ್ಲಿಯೇ.

1957ರ 'ಪ್ಯಾಸಾ' ಅವರಿಗೆ ಹಣವನ್ನೂ ಕೀರ್ತಿಯನ್ನೂ ತಂದಿತು. 1959ರ 'ಕಾಗಜ್ ಕೆ ಫೂಲ್' ಎರಡನ್ನೂ ಕಸಿದುಕೊಂಡಿತು. ಭಾರತದ ಪ್ರಥಮ ಸಿನಿಮಾಸ್ಕೋಪ್ ಚಿತ್ರವೆಂಬ ಹೆಗ್ಗಳಿಕೆಯೂ ಅದನ್ನು ಉಳಿಸಲಿಲ್ಲ. ಪ್ರೇಕ್ಷಕರನ್ನೇ ದೂರುವುದು ನ್ಯಾಯವಲ್ಲ. ಕಥೆಯ ಓಟ ನಿಧಾನ, ನಡುವಿನ ಹಾಸ್ಯ ಪ್ರಸಂಗಗಳು ಇಂದಿಗೂ ತೇಪೆ ಹಾಕಿದಂತೆಯೇ ಕಾಣುತ್ತವೆ. ಆದರೆ ಬರಿದಾದ ಸ್ಟುಡಿಯೋದೊಳಗೆ ಬಿಸಿಲಿನ ಕೋಲೊಂದು ಇಳಿದು ಇಬ್ಬರು ಪ್ರೇಮಿಗಳ ನಡುವೆ ನಿಲ್ಲುವ ಆ ದೃಶ್ಯ! ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ ಅದನ್ನು ಸಾಧಿಸಿದವರು ಮೈಸೂರಿನ ವಿ. ಕೆ. ಮೂರ್ತಿ. ಸೋತ ಆ ಚಿತ್ರವೇ ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿಯನ್ನು ತಂದಿತು.

ಇಂದು ಈ ಚಿತ್ರವನ್ನು ಶ್ರೇಷ್ಠ ಕೃತಿಯೆಂದು ದೇಶವಿದೇಶಗಳ ವಿಮರ್ಶಕರು ಕೊಂಡಾಡುತ್ತಾರೆ. ಕಾಲವೇ ನ್ಯಾಯ ಒದಗಿಸಿತೆಂದು ಹೇಳುವುದು ವಾಡಿಕೆ. ಇದು ಅರ್ಧಸತ್ಯ. ಆ ಸೋಲಿನ ನಂತರ ಗುರುದತ್ತರು ನಿರ್ದೇಶಕರೆಂದು ಮತ್ತೆ ತಮ್ಮ ಹೆಸರನ್ನು ಹಾಕಿಕೊಳ್ಳಲಿಲ್ಲ. 1964ರ ಅಕ್ಟೋಬರಿನಲ್ಲಿ, ಮೂವತ್ತೊಂಬತ್ತರ ವಯಸ್ಸಿನಲ್ಲಿ ಗತಿಸಿದರು. ಅವರು ನಿರ್ದೇಶಿಸದೆ ಉಳಿದ ಚಿತ್ರಗಳ ನಷ್ಟವನ್ನು ಯಾವ ಕಾಲವೂ ತುಂಬಿಕೊಡಲಾರದು.

ಅಲ್ಲದೆ ಕಾಲವು ತಾನಾಗಿ ಏನನ್ನೂ ಕಾಪಾಡುವುದಿಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ತೆರೆಕಂಡಿತು. ಅದು ತಯಾರಾದದ್ದು ಪುಣೆಗೆ ದೂರವಲ್ಲದ ಕೊಲ್ಲಾಪುರದಲ್ಲಿ. ಅದರ ಒಂದು ಪ್ರತಿಯೂ ಇಂದು ಲಭ್ಯವಿಲ್ಲ. ಅದರ ಗುಣದೋಷಗಳ ಬಗ್ಗೆ ಮರುವಿಚಾರಣೆ ನಡೆಸುವುದಾದರೂ ಹೇಗೆ? ಗುರುದತ್ತರು ತೀರಿಕೊಂಡ ವರ್ಷವೇ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾಯಿತು. ಆ ಬಗೆಯ ಸಂಸ್ಥೆ ಮೂವತ್ತು ವರ್ಷ ಮೊದಲೇ ಇದ್ದಿದ್ದರೆ ಕನ್ನಡಕ್ಕೆ ಈ ಬಡತನ ಬರುತ್ತಿರಲಿಲ್ಲವೇನೋ. ಸಂಘ ಸಂಸ್ಥೆಗಳು ಹಳೆಯ ಚಿತ್ರಗಳ ಪ್ರದರ್ಶನಕ್ಕೆ ವರ್ಷದಲ್ಲಿ ಒಂದು ಸಂಜೆಯನ್ನಾದರೂ ಮೀಸಲಿಡುವುದು ದೊಡ್ಡ ಖರ್ಚಿನ ಬಾಬತ್ತೇನೂ ಅಲ್ಲ.

ಮೂರ್ತಿಯವರಿಗೆ 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತದ್ದು ಅದೇ ಮೊದಲು. ಆಗ ಅವರ ವಯಸ್ಸು ಎಂಬತ್ತೈದನ್ನು ದಾಟಿತ್ತು. ಗುರುದತ್ತರು ಅಗಲಿ ನಾಲ್ವತ್ತೈದು ವರ್ಷಗಳಾಗಿದ್ದವು.