ಭಾನುವಾರದ ಸಭೆ

ಈ ಸಲ ನಮ್ಮದೇ ಒಂದು ತಪ್ಪನ್ನು ವಾಚಕರ ಮುಂದಿಡಬೇಕೆಂದಿದ್ದೇವೆ.

ಮುಂಬಯಿಯಲ್ಲಿ ನಾವು ಹೋಗುವ ಚರ್ಚಿನಲ್ಲಿ ಬೆಳಗ್ಗೆ ಮರಾಠಿ ಆರಾಧನೆ. ಅದು ಮುಗಿದ ಮೇಲೆ ಕನ್ನಡದವರ ಸರದಿ. ಸೇರುವವರು ಅರುವತ್ತು ಎಪ್ಪತ್ತು ಮಂದಿ. ಗದಗ-ಬೆಟಗೇರಿಯವರು, ಹುಬ್ಬಳ್ಳಿಯವರು, ಧಾರವಾಡದವರು, ಮಂಗಳೂರಿನ ಕಡೆಯ ನಾಲ್ಕಾರು ಮನೆಯವರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಮುಂದೆ ಘಟ್ಟ ಹತ್ತಿ ಕಟ್ಟಿದ ಸಭೆಗಳಲ್ಲಿ ಇವರಲ್ಲಿ ಬಹುಮಂದಿಯ ಅಜ್ಜ-ಅಜ್ಜಿಯರು ಬೆಳೆದವರು. ಎಲ್ಲರೂ ದೂರದೂರದಿಂದ ರೈಲು ಹಿಡಿದು ಬರತಕ್ಕವರೇ. ಅದರ ಮೇಲೆ, ಭಾನುವಾರವೇ ನೋಡಿ ರೈಲ್ವೆಯವರ ಮೆಗಾ ಬ್ಲಾಕ್!

2020ರ ಮಾರ್ಚಿನಲ್ಲಿ ಚರ್ಚುಗಳ ಬಾಗಿಲು ಮುಚ್ಚಿದಾಗ ಸಭಾಪಾಲಕರು ಫೋನಿನ ಮೂಲಕ ಆರಾಧನೆ ನಡೆಸತೊಡಗಿದರು. ಆ ದಿನಗಳಲ್ಲಿ ಅದೊಂದು ದೊಡ್ಡ ಉಪಕಾರವೇ ಆಯಿತು. ನವೆಂಬರಿನಲ್ಲಿ ಬಾಗಿಲು ತೆರೆಯಿತು. ಮರುವರ್ಷ ಎರಡನೆಯ ಅಲೆ ಬಂದು ಮತ್ತೆ ಮುಚ್ಚಿತು. 2021ರ ಅಕ್ಟೋಬರ್ 7ರಂದು ಮಹಾರಾಷ್ಟ್ರದ ದೇವಾಲಯಗಳೆಲ್ಲ ಪುನಃ ತೆರೆದವು. ನಾವು ಮಾತ್ರ ಹೋಗಲಿಲ್ಲ. ಪ್ರಸಂಗ ಅದೇ, ಕೀರ್ತನೆ ಅದೇ, ನೂಕುನುಗ್ಗಲಿಲ್ಲ, ಕಾಣಿಕೆಯನ್ನೂ ಫೋನಿನಲ್ಲೇ ಕಳುಹಿಸಬಹುದು. ಇನ್ನೇನು ಬೇಕು ಎನಿಸಿತ್ತು.

ಡಿಸೆಂಬರಿನ ಒಂದು ಸಂಜೆ ಬೆಟಗೇರಿಯ ಅಜ್ಜಿಯೊಬ್ಬರು ಮೊಮ್ಮಗನ ಕೈಹಿಡಿದು ಮೂರು ಮಹಡಿ ಹತ್ತಿ ಬಂದರು. ಚರ್ಚಿನಲ್ಲಿ ನಮ್ಮ ಬೆಂಚಿನ ಇನ್ನೊಂದು ತುದಿ ಯಾವಾಗಲೂ ಅವರದು.

“ಯಾಕ್ರೀ, ಊರಾಗ ಇಲ್ಲೇನು ನೀವು? ನಿಮ್ಮ ಜಾಗಾ ಹಿಡಕೊಂಡ ಕುಂತೀನಿ ನಾನು.”

ನಾವು ಏನೋ ನೆವ ಹೇಳಿ, ಅಜ್ಜನವರು ಹೇಗಿದ್ದಾರೆಂದು ಕೇಳಿದೆವು. ಅಜ್ಜಿ ತುಸು ಹೊತ್ತು ನಮ್ಮನ್ನೇ ನೋಡಿದರು.

“ಅವರು ಹೋಗಿ ಎಂಟ ತಿಂಗಳಾತಲ್ಲ. ಆರಾಧನೆಯಾಗ ಹೆಸರ ಓದಿದ್ರು. ಕೇಳಲಿಲ್ಲೇನು?”

ನಾವು ಕೇಳಿರಲಿಲ್ಲ. ಏಪ್ರಿಲಿನ ಆ ಭಾನುವಾರವೂ ಫೋನು ಮೇಜಿನ ಮೇಲೆ ಹಾಡುತ್ತಲೇ ಇದ್ದಿರಬೇಕು. ಹೆಸರು ಓದುವ ಹೊತ್ತಿಗೆ ಒಬ್ಬರು ಒಗ್ಗರಣೆಯ ಮುಂದೆ, ಇನ್ನೊಬ್ಬರು ಸ್ನಾನಕ್ಕೆ. ಆಗ ಮಣ್ಣಿಗೆ ಹೋಗುವ ಹಾಗಿರಲಿಲ್ಲ, ನಿಜ. ಒಂದು ಮಾತು ಫೋನಿನಲ್ಲಿ ಹೇಳುವುದಕ್ಕೆ ಯಾರ ಅಡ್ಡಿಯಿತ್ತು? ಅಜ್ಜಿ ನಮ್ಮನ್ನು ಬೈಯಲಿಲ್ಲ. ಚಹ ಕುಡಿದು, ಮಕ್ಕಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ಹೊರಟರು. ಬೈದಿದ್ದರೆ ವಾಸಿಯಾಗುತ್ತಿತ್ತು.

ಕನ್ನಡದಲ್ಲಿ ಕ್ರೈಸ್ತರು ‘ಸಭೆ’ ಎನ್ನುವುದು ಕಟ್ಟಡಕ್ಕಲ್ಲ, ಕೂಡಿದ ಜನಕ್ಕೆ. ಹೊಸ ಒಡಂಬಡಿಕೆಯ ಮೂಲ ಗ್ರೀಕಿನ ‘ಎಕ್ಲೇಸಿಯ’ಕ್ಕೂ ಅದೇ ಅರ್ಥ. ಕೂಡಿಬರುವುದನ್ನು ಕೆಲವರು ರೂಢಿಯಾಗಿ ಬಿಟ್ಟದ್ದನ್ನು ಇಬ್ರಿಯರಿಗೆ ಬರೆದ ಪತ್ರಿಕೆಯ ಹತ್ತನೆಯ ಅಧ್ಯಾಯ ಆಕ್ಷೇಪಿಸುತ್ತದೆ. ಅಂದರೆ ಇದು ಫೋನಿನಿಂದ ಹುಟ್ಟಿದ ರೋಗವಲ್ಲ, ಅಂದಿನಿಂದಲೂ ಇದ್ದದ್ದೇ. ಬೈಬಲನ್ನು ಮನೆಯಲ್ಲಿ ಓದಬಹುದು, ಪ್ರಾರ್ಥನೆಯನ್ನೂ ಮನೆಯಲ್ಲಿ ಮಾಡಬಹುದು. ಆದರೆ ಒಂದೇ ರೊಟ್ಟಿಯನ್ನು ಮುರಿದು ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಪಕ್ಕದಲ್ಲೊಬ್ಬರು ಬೇಕೇ ಬೇಕು. ಹಾಡಿನ ಮಾತೂ ಅಷ್ಟೆ. 1894ರ ನಿಘಂಟಿನಿಂದ ಕನ್ನಡಿಗರಿಗೆಲ್ಲ ಪರಿಚಿತರಾದ ಕಿಟ್ಟೆಲರು 1862ರಲ್ಲೇ ‘ಕಥಾಮಾಲೆ’ ಎಂಬ ಕಾವ್ಯ ಬರೆದು ಕ್ರಿಸ್ತನ ಚರಿತ್ರೆಯನ್ನು ನಮ್ಮ ಛಂದಸ್ಸಿಗೆ ಇಳಿಸಿದರು. ಕನ್ನಡ ಓದಲು ಬಾರದ ನಮ್ಮ ಮಕ್ಕಳು ಎರಡು ಕೀರ್ತನೆಗಳನ್ನು ಬಾಯಿಪಾಠ ಹೇಳುತ್ತಾರೆ. ಅದು ಅಜ್ಜಿಯ ಪಕ್ಕದಲ್ಲಿ ಕೂತು, ಅವರ ತಾಳ ನೋಡಿ ಕಲಿತದ್ದು. ಮೇಜಿನ ಮೇಲಿನ ಫೋನಿನ ಜೊತೆಗೆ ನಾವು ದೊಡ್ಡವರೇ ಒಂದು ದಿನವೂ ದನಿಗೂಡಿಸಿದ್ದಿಲ್ಲ.

ಸಭೆಯಲ್ಲಿ ಎಲ್ಲವೂ ಹಾಲುಜೇನಲ್ಲ. ಹಾರ್ಮೋನಿಯಂ ಯಾರು ನುಡಿಸಬೇಕೆಂಬುದಕ್ಕೆ ಎರಡು ಮನೆಯವರು ವರ್ಷವಿಡೀ ಮಾತು ಬಿಟ್ಟದ್ದುಂಟು. ಮಾತು ಬಿಟ್ಟರೂ ಒಂದೇ ಸೂರಿನಡಿ ಕೂರಬೇಕಾದ್ದರಿಂದಲೇ ಆ ಜಗಳ ಮುಗಿಯಿತು ಎಂಬುದು ನಮ್ಮ ಎಣಿಕೆ.

ಮುಂದಿನ ಭಾನುವಾರ ಹೋದೆವು. ಅಂದೂ ಮೆಗಾ ಬ್ಲಾಕ್. ಮುಟ್ಟುವಷ್ಟರಲ್ಲಿ ಮೊದಲ ಕೀರ್ತನೆ ಮುಗಿದಿತ್ತು. ಅಜ್ಜಿ ತಿರುಗಿ ನೋಡದೆ ಬೆಂಚಿನ ಮೇಲಿದ್ದ ತಮ್ಮ ಚೀಲವನ್ನು ತೆಗೆದು ಕೆಳಗಿಟ್ಟರು.

ಮರುವರ್ಷದ ಬೆಳೆಹಬ್ಬಕ್ಕೆ ನಾವು ಕುಂಡದಲ್ಲಿ ಬೆಳೆದ ಹತ್ತು ಮೆಣಸಿನಕಾಯಿ ಒಯ್ದೆವು, ಅಜ್ಜಿ ಒಂದು ಡಬ್ಬಿ ಶೇಂಗಾ ಚಟ್ನಿ ತಂದರು. ಹರಾಜಿನಲ್ಲಿ ಡಬ್ಬಿಯನ್ನು ನಾವೇ ಹಿಡಿಯಬೇಕೆಂದಿದ್ದೆವು. ಹಾರ್ಮೋನಿಯಂ ಮನೆಯವರು ಬೆಲೆ ಏರಿಸುತ್ತಲೇ ಹೋದರು. ಕೊನೆಗೆ ನಮಗೇ ಸಿಕ್ಕಿತು. ಚಟ್ನಿ ಸ್ವಲ್ಪ ಖಾರವಾಗಿತ್ತು.