ಸಾಧನೆಯ ಅಳತೆಗೋಲು ಯಾರ ಕೈಯಲ್ಲಿರಬೇಕು?

ಸರ್ಕಾರದ ಹಿರಿಯ ಅಧಿಕಾರಿಗಳಿಗೆ ಸಂಬಳದ ಜೊತೆಗೆ ಸಾಧನೆಯನ್ನು ಆಧರಿಸಿದ ಪ್ರೋತ್ಸಾಹಧನ ನೀಡಬೇಕೆಂಬ ಮಾತು ಹೊಸದಲ್ಲ. ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅಧ್ಯಕ್ಷತೆಯ ಕೇಂದ್ರದ ಆರನೇ ವೇತನ ಆಯೋಗವು 2008ರಲ್ಲಿ ಇದನ್ನು ಶಿಫಾರಸು ಮಾಡಿತು. 2015ರಲ್ಲಿ ನ್ಯಾಯಮೂರ್ತಿ ಎ.ಕೆ. ಮಾಥುರ್ ನೇತೃತ್ವದ ಏಳನೇ ಆಯೋಗವೂ ಅದನ್ನೇ ಹೇಳಿತು. ಸಾರ್ವಜನಿಕ ಉದ್ದಿಮೆಗಳ ಅಧಿಕಾರಿಗಳಿಗಂತೂ ಸಂಸ್ಥೆಯ ಲಾಭಕ್ಕೆ ತಳುಕು ಹಾಕಿದ ಇಂಥ ವೇತನ ಈಗಾಗಲೇ ಇದೆ. 2025ರಲ್ಲಿ ಎಂಟನೇ ಆಯೋಗ ರಚನೆಯಾಗಿರುವುದರಿಂದ ಈ ಪ್ರಶ್ನೆ ಮತ್ತೆ ಮುನ್ನೆಲೆಗೆ ಬರುವುದು ಸಹಜ.

ದೆಹಲಿಯ ಈ ಲೆಕ್ಕಾಚಾರ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಜನರಿಗೇಕೆ ಬೇಕು? ನಮ್ಮ ಜಿಲ್ಲೆಯ ಆಡಳಿತವನ್ನೂ ಅರಣ್ಯವನ್ನೂ ನೋಡಿಕೊಳ್ಳುವ ಅಖಿಲ ಭಾರತ ಸೇವೆಯ ಅಧಿಕಾರಿಗಳ ವೇತನ ಈ ಆಯೋಗಗಳ ಶಿಫಾರಸನ್ನೇ ಅನುಸರಿಸುತ್ತದೆ. ಅವರ ಯಾವ ಕೆಲಸವನ್ನು ಸಾಧನೆಯೆಂದು ಎಣಿಸಲಾಗುತ್ತದೆಯೋ ಆ ಕೆಲಸವೇ ನಮ್ಮ ಗುಡ್ಡಗಳಲ್ಲಿ ನಡೆಯುತ್ತದೆ.

ಕುದುರೆಮುಖವನ್ನು ನೆನೆಯೋಣ. ಅಲ್ಲಿ ಅದಿರು ತೆಗೆಯುತ್ತಿದ್ದುದು ಕೇಂದ್ರ ಸರ್ಕಾರದ ಉದ್ದಿಮೆ. ಲಾಭವೇ ಅಳತೆಗೋಲಾಗಿದ್ದರೆ ಅದರ ಹಿರಿಯ ಅಧಿಕಾರಿಗಳು ಬಹುಮಾನಕ್ಕೆ ಅರ್ಹರೇ. ಆದರೆ ಮಳೆಗಾಲದಲ್ಲಿ ಭದ್ರೆ ಹೊತ್ತು ತಂದ ಹೂಳು ಯಾವ ಲಾಭನಷ್ಟದ ಪಟ್ಟಿಯಲ್ಲಿತ್ತು? 2002ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿ, 2005ರ ಕೊನೆಗೆ ಗಣಿಗಾರಿಕೆ ನಿಲ್ಲುವವರೆಗೂ ಆ ಲೆಕ್ಕವನ್ನು ಬರೆದುಕೊಂಡದ್ದು ನದಿ ಮಾತ್ರ.

ನಮ್ಮ ರಾಜ್ಯದ್ದೇ ಆದ ಅನುಭವವೂ ಇದೆ. 2011ರ ಸಕಾಲ ಕಾಯ್ದೆಯಂತೆ ಸೇವೆ ತಡವಾದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ. ಅದು ಹೊಣೆಗಾರ ನೌಕರನ ಸಂಬಳದಿಂದ ಬರಬೇಕು. ಕೆಲಸಕ್ಕೂ ಹಣಕ್ಕೂ ನಂಟು ಕಟ್ಟಿದ ಒಳ್ಳೆಯ ಹೆಜ್ಜೆಯಿದು. ಆದರೆ ಇಲ್ಲಿ ಎಣಿಕೆಯಾಗುವುದು ದಿನಗಳು. ಗಡುವಿನೊಳಗೆ ಅರ್ಜಿ ತಿರಸ್ಕೃತವಾದರೂ ಅದು ವಿಲೇವಾರಿಯೇ. ವೇಗವನ್ನು ಅಳೆಯಬಹುದು, ನ್ಯಾಯವನ್ನು ಅಳೆಯುವುದು ಸುಲಭವಲ್ಲ.

ಕೃಷಿ ವಿಜ್ಞಾನದ ವಿದ್ಯಾರ್ಥಿಯಾಗಿ ನಾನು ಮೊದಲು ಕಲಿತ ಪಾಠವೂ ಇದೇ. ಅಡಿಕೆ ಸಸಿಯ ಯೋಗ್ಯತೆ ನೆಟ್ಟ ವರ್ಷ ತಿಳಿಯದು. ಫಸಲಿಗೆ ಐದಾರು ವರ್ಷ ಕಾಯಬೇಕು. ಕಾಡಿನ ಗಿಡಕ್ಕೆ ಇನ್ನೂ ಹೆಚ್ಚು ಕಾಲ ಬೇಕು. ವರ್ಷಕ್ಕೊಮ್ಮೆ ಪ್ರೋತ್ಸಾಹಧನ ಕೊಡುವುದಾದರೆ ಎಷ್ಟು ಸಸಿ ನೆಟ್ಟರೆಂಬುದು ಎಣಿಕೆಯಾಗುತ್ತದೆ, ಎಷ್ಟು ಉಳಿದವೆಂಬುದು ಆಗುವುದಿಲ್ಲ. ನಮ್ಮ ಮೂರೂ ತಾಲ್ಲೂಕುಗಳ ತೋಟಗಳನ್ನು ದಶಕಗಳಿಂದ ತಿನ್ನುತ್ತಿರುವ ಹಳದಿ ಎಲೆ ರೋಗದ ವಿಷಯದಲ್ಲಿಯೂ ಅಷ್ಟೇ: ತರಬೇತಿ ಶಿಬಿರಗಳ ಸಂಖ್ಯೆ ವರದಿಗೆ ಸಿಗುತ್ತದೆ, ಹಸಿರಾಗಿ ಉಳಿದ ಮರಗಳ ಸಂಖ್ಯೆ ಸಿಗುವುದಿಲ್ಲ. ಅಷ್ಟರಲ್ಲಿ ಅಧಿಕಾರಿಗೆ ವರ್ಗವಾಗಿರುತ್ತದೆ.

ಒಳ್ಳೆಯ ಅಧಿಕಾರಿಗೆ ಮನ್ನಣೆ ಸಲ್ಲದೆಂದು ನಾವು ವಾದಿಸುತ್ತಿಲ್ಲ. ಪ್ರಾಮಾಣಿಕನಿಗೂ ಸೋಮಾರಿಗೂ ಒಂದೇ ವೇತನ ಬಡ್ತಿ ಎಂಬ ದೂರಿನಲ್ಲಿ ಹುರುಳಿದೆ. ಆದರೆ ಮೂರು ನಿಬಂಧನೆಗಳಿರಲಿ. ಫಲಿತಾಂಶವನ್ನು ಕನಿಷ್ಠ ಐದು ವರ್ಷಗಳ ನಂತರ, ಅಧಿಕಾರಿ ಎಲ್ಲಿಯೇ ಇರಲಿ, ಸ್ಥಳದಲ್ಲಿ ಪರಿಶೀಲಿಸಿ ನಿರ್ಧರಿಸಬೇಕು. ಬೇಸಿಗೆಯಲ್ಲಿ ಕಾಡಿನ ಬೆಂಕಿಗೆ ಎದುರು ನಿಲ್ಲುವ ದಿನಗೂಲಿ ವಾಚರ್‌ಗೂ ಅದರಲ್ಲಿ ಪಾಲಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸಾಧನೆಯ ವರದಿಯನ್ನು ಗ್ರಾಮಸಭೆಯ ಮುಂದೆ ಓದಿ, ಅದರ ಅಭಿಪ್ರಾಯವನ್ನು ದಾಖಲಿಸಿದ ಮೇಲೆಯೇ ಹಣ ಬಿಡುಗಡೆಯಾಗಬೇಕು.

ಇದಕ್ಕಾಗಿ ಆಯೋಗದ ವರದಿ ಬರುವವರೆಗೆ ಕಾಯಬೇಕಾಗಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಒಂದೇ ಪ್ರಶ್ನೆ ಕೇಳೋಣ: ಐದು ವರ್ಷದ ಹಿಂದೆ ನಮ್ಮೂರಿನಲ್ಲಿ ನೆಟ್ಟ ಗಿಡಗಳಲ್ಲಿ ಇಂದು ಎಷ್ಟು ನಿಂತಿವೆ? ಕಾಲೇಜಿನ ವಿದ್ಯಾರ್ಥಿಗಳು ಒಂದು ಭಾನುವಾರ ಹೋಗಿ ಎಣಿಸಿ ತರಲಿ. ಅಳತೆಗೋಲನ್ನು ನಮ್ಮ ಕೈಗೆ ತೆಗೆದುಕೊಳ್ಳಲು ಅಷ್ಟು ಸಾಕು.