ಟ್ಯಾಗಿನ ಮೇಲೆ ಬಟ್ಟೆಯ ತೂಕವೂ ಇರಲಿ

ಅಹಮದಾಬಾದಿನ ಬೋಡಕ್‌ದೇವ್ ಸುತ್ತಮುತ್ತ, ಸಿಂಧು ಭವನ ರಸ್ತೆಯಿಂದ ಎಸ್.ಜಿ. ಹೆದ್ದಾರಿಯವರೆಗೆ, ಗಂಡಸರ ರೆಡಿಮೇಡ್ ಬಟ್ಟೆ ಅಂಗಡಿಗಳಿಗೆ ಬರವಿಲ್ಲ. ನಾನೂರು ರೂಪಾಯಿಯ ಟೀ ಶರ್ಟೂ ಅಲ್ಲಿ ಸಿಗುತ್ತದೆ, ಎರಡು ಸಾವಿರದ್ದೂ ಸಿಗುತ್ತದೆ. ಎರಡನ್ನೂ ಕೈಯಲ್ಲಿ ಹಿಡಿದು ನಿಂತ ಗ್ರಾಹಕನಿಗೆ ಯಾವುದು ಎರಡು ವರ್ಷ ಬಾಳುತ್ತದೆ, ಯಾವುದು ಐದಾರು ಒಗೆತಕ್ಕೇ ಸೊರಗುತ್ತದೆ ಎಂದು ತಿಳಿಯುವ ದಾರಿ ಇಲ್ಲ. ದುಬಾರಿಯದ್ದೇ ಬಾಳುತ್ತದೆ ಎಂಬ ಖಾತ್ರಿಯೂ ಇಲ್ಲ. ಬೆಂಗಳೂರಿನ ಜಯನಗರದಲ್ಲೂ ಹುಬ್ಬಳ್ಳಿಯ ಮಾಲ್‌ಗಳಲ್ಲೂ ಇದೇ ಕಥೆ. ಬಟ್ಟೆಯ ಬೆಲೆ ಏರಿತು ಎಂದು ಎಲ್ಲರೂ ಗೊಣಗುತ್ತೇವೆ. ಆದರೆ ಬೆಲೆಗೂ ಗುಣಕ್ಕೂ ಇದ್ದ ನಂಟು ಕಡಿದುಹೋಗಿರುವುದು ಅದಕ್ಕಿಂತ ದೊಡ್ಡ ತೊಂದರೆ, ಮತ್ತು ಅದಕ್ಕೆ ಮದ್ದು ಇದೆ.

ಒಂದು ಟೀ ಶರ್ಟನ್ನೇ ತೆಗೆದುಕೊಳ್ಳಿ. ಬಟ್ಟೆಯ ದಪ್ಪವನ್ನು ವ್ಯಾಪಾರಿಗಳು ಜಿಎಸ್‌ಎಂ ಲೆಕ್ಕದಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂದು. 140 ಜಿಎಸ್‌ಎಂ ಬಟ್ಟೆ ತೆಳು. 180ರದ್ದು ಮೈಮೇಲೆ ಸರಿಯಾಗಿ ಕೂರುತ್ತದೆ, ಬೇಗ ಜೋಲುವುದಿಲ್ಲ. ಒಂದು ಶರ್ಟಿಗೆ ಕತ್ತರಿಸಿ ಬಿಟ್ಟದ್ದೂ ಸೇರಿ ಸುಮಾರು ಒಂದೂಕಾಲು ಚದರ ಮೀಟರ್ ಬಟ್ಟೆ ಹಿಡಿಯುತ್ತದೆ ಅಂದುಕೊಂಡರೆ, ತೆಳುವಿಗೂ ದಪ್ಪಕ್ಕೂ ಇರುವ ವ್ಯತ್ಯಾಸ 50 ಗ್ರಾಂ. ಹೆಣೆದು ಬಣ್ಣ ಹಾಕಿದ ಹತ್ತಿ ಬಟ್ಟೆಗೆ ಕಿಲೋಗೆ ಐನೂರು ರೂಪಾಯಿ ಎಂದು ಧಾರಾಳವಾಗಿಯೇ ಹಿಡಿದರೂ ಆ 50 ಗ್ರಾಂಗೆ ತಗಲುವುದು 25 ರೂಪಾಯಿ. ಒಗೆದ ಮೇಲೆ ಪಕ್ಕದ ಹೊಲಿಗೆ ತಿರುಚಿಕೊಂಡು ಹೊಟ್ಟೆಯ ಮುಂದಕ್ಕೆ ಬರುವ ಶರ್ಟುಗಳನ್ನು ನೀವು ನೋಡಿರುತ್ತೀರಿ. ನೂಲಿನ ತಿರುಪು ಸರಿಯಿಲ್ಲದಾಗ, ಹೆಣೆದ ಬಟ್ಟೆಯನ್ನು ಹದಕ್ಕೆ ತರದೆ ಅವಸರದಲ್ಲಿ ಕತ್ತರಿಸಿದಾಗ ಹಾಗಾಗುತ್ತದೆ. ಅದನ್ನು ತಡೆಯಲು ತಗಲುವ ಖರ್ಚೂ ಇಂಥದ್ದೇ, ಕೆಲವು ರೂಪಾಯಿಗಳದ್ದು. ಎರಡು ಸಾವಿರದ ಅಂಗಿಯಲ್ಲಿ ಈ ಖರ್ಚನ್ನು ಉಳಿಸಿದರೆ ಅದಕ್ಕೆ ಬಡತನದ ನೆಪ ಹೇಳಲು ಬರುವುದಿಲ್ಲ.

ಹಾಗಾದರೆ ಕಂಪನಿಗಳು ಆ 25 ರೂಪಾಯಿಯನ್ನು ಏಕೆ ಹಾಕುವುದಿಲ್ಲ? ಹಾಕಿದ್ದು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ. ಅಂಗಡಿಯ ದೀಪ ಕಾಣುತ್ತದೆ, ಎದೆಯ ಮೇಲಿನ ಲಾಂಛನ ಕಾಣುತ್ತದೆ, ಒಂದು ಕೊಂಡರೆ ಒಂದು ಉಚಿತ ಎಂಬ ಫಲಕ ಕಾಣುತ್ತದೆ. ಕೊಳ್ಳುವವನಿಗೆ ಗುಣ ತಿಳಿಯದ ಸಂತೆಯಲ್ಲಿ ಒಳ್ಳೆಯ ಸರಕು ತಾನಾಗಿ ಹಿಂದೆ ಸರಿಯುತ್ತದೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆ ಕಾರುಗಳ ಉದಾಹರಣೆ ಕೊಟ್ಟು ತೋರಿಸಿದರು. 2001ರ ನೊಬೆಲ್ ಬಹುಮಾನದಲ್ಲಿ ಅವರಿಗೂ ಪಾಲು ಬಂತು. ನಮ್ಮ ಬಟ್ಟೆ ಅಂಗಡಿಗಳಿಗೆ ಆ ಮಾತು ಹಾಗೇ ಒಪ್ಪುತ್ತದೆ. ಎಂಆರ್‌ಪಿ ಇದನ್ನು ಇನ್ನಷ್ಟು ಕೆಡಿಸಿದೆ. ವರ್ಷದ ಅರ್ಧ ಭಾಗ ಶೇ 40ರ ರಿಯಾಯಿತಿಯಲ್ಲೇ ಮಾರುವ ಸರಕಿನ ಮೇಲೆ ಅಚ್ಚಾದ ಬೆಲೆಯನ್ನು ಬೆಲೆ ಎಂದು ನಂಬುವುದು ಹೇಗೆ? ತೆರಿಗೆಯೂ ಗುಣವನ್ನು ನೋಡುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಶೇ 5 ಜಿಎಸ್‌ಟಿ, ಅದನ್ನು ಮೀರಿದರೆ ಶೇ 18. ನಾಲ್ಕು ವರ್ಷ ಬಾಳುವ ಜೀನ್ಸ್ ಆ ಗೆರೆ ದಾಟಿದರೆ ದಂಡ ತೆರುತ್ತದೆ, ಆರು ತಿಂಗಳಿಗೊಮ್ಮೆ ಬಿಸಾಡುವ ಪ್ಯಾಂಟು ಕಡಿಮೆ ತೆರಿಗೆಯಲ್ಲಿ ಪಾರಾಗುತ್ತದೆ.

ಕೊಳ್ಳುವವನ ಈ ಅಜ್ಞಾನ ಅಹಮದಾಬಾದಿನಲ್ಲೂ ಇರುವುದು ನನ್ನನ್ನು ಹೆಚ್ಚು ಕಾಡುತ್ತದೆ. ಬಟ್ಟೆಯನ್ನು ಅಳೆಯಲು ಬಲ್ಲ ಊರು ಅದು. ರಣಛೋಡಲಾಲ್ ಛೋಟಾಲಾಲ್ ಅವರ ಗಿರಣಿ ಅಲ್ಲಿ 1861ರಲ್ಲಿ ಶುರುವಾಯಿತು. 1947ರಲ್ಲಿ ಗಿರಣಿ ಮಾಲೀಕರು ಸೇರಿ ಅಟೀರಾ ಎಂಬ ಜವಳಿ ಸಂಶೋಧನಾ ಸಂಸ್ಥೆ ಕಟ್ಟಿದರು, ಅದನ್ನು ಮೊದಲು ಮುನ್ನಡೆಸಿದವರು ವಿಕ್ರಮ್ ಸಾರಾಭಾಯಿ. ನೂಲಿನ ಬಲ, ಬಣ್ಣದ ಗಟ್ಟಿತನ, ಒಗೆದಾಗ ಕುಗ್ಗುವ ಪ್ರಮಾಣವನ್ನೆಲ್ಲ ಅಳೆಯುವ ಪ್ರಯೋಗಾಲಯಗಳು ಬೋಡಕ್‌ದೇವ್‌ನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿವೆ. ವಿದೇಶಕ್ಕೆ ಹೋಗುವ ಸರಕಿಗೆ ಅಲ್ಲಿನ ಖರೀದಿದಾರರು ಈ ಅಳತೆಗಳ ವರದಿ ಕೇಳುತ್ತಾರೆ, ಕಾರ್ಖಾನೆಗಳು ಕೊಡುತ್ತವೆ. ಡೆನಿಮ್‌ಗೂ ಅಷ್ಟೆ. 1931ರಲ್ಲಿ ಹುಟ್ಟಿದ ಅರವಿಂದ್ ಮಿಲ್ಸ್‌ನಿಂದಾಗಿ ಅಹಮದಾಬಾದ್ ದೇಶದ ಡೆನಿಮ್ ರಾಜಧಾನಿಯಾಯಿತು. ಡೆನಿಮ್ ವ್ಯಾಪಾರ ನಡೆಯುವುದೇ ಔನ್ಸ್ ಲೆಕ್ಕದಲ್ಲಿ. ಬಳ್ಳಾರಿಯ ಸಣ್ಣ ಜೀನ್ಸ್ ಘಟಕದ ಮಾಲೀಕನೂ ಎಷ್ಟು ಔನ್ಸ್ ಎಂದು ಕೇಳದೆ ಥಾನು ಕೊಳ್ಳುವುದಿಲ್ಲ. ಗಿರಣಿಗೆ ಗೊತ್ತು, ಸಗಟು ವ್ಯಾಪಾರಿಗೆ ಗೊತ್ತು, ಹೊಲಿಯುವವನಿಗೂ ಗೊತ್ತು. ಕಾಸು ಕೊಟ್ಟು ತೊಡುವವನ ಹತ್ತಿರ ಬರುವಾಗ ಮಾತ್ರ ಆ ಅಂಕಿ ಅಳಿಸಿಹೋಗಿರುತ್ತದೆ.

ಅಗ್ಗದ ಫ್ಯಾಶನ್ನಿನ ಪರವಾಗಿ ಆಡುವ ಒಂದು ಮಾತನ್ನು ನಾನು ಒಪ್ಪುತ್ತೇನೆ. ಜೂಡಿಯೋದಂಥ ಮಳಿಗೆಗಳು ಬಂದ ಮೇಲೆ ಸಣ್ಣ ಸಂಬಳದ ಹುಡುಗನೂ ಹಬ್ಬಕ್ಕೊಂದು ಚಂದದ ಅಂಗಿ ತೊಡುವಂತಾಯಿತು, ಅದನ್ನು ಹಳಿಯುವ ಹಕ್ಕು ಯಾರಿಗೂ ಇಲ್ಲ. ಆದರೆ ಮತ್ತೆ ಮತ್ತೆ ಕೊಳ್ಳುವ ಹೊರೆ ಹೆಚ್ಚು ಬೀಳುವುದು ಆ ಹುಡುಗನ ಮೇಲೆಯೇ. ನಾನೂರಕ್ಕೆ ಸಿಗುವ ಎರಡು ಶರ್ಟುಗಳಲ್ಲಿ ಯಾವುದು ಗಟ್ಟಿ ಎಂದು ತಿಳಿಯುವ ಅಗತ್ಯ ಶ್ರೀಮಂತನಿಗಿಂತ ಅವನಿಗೆ ಹೆಚ್ಚು. ಹೆಚ್ಚಿನ ಬೆಲೆ ಅಂಗಡಿಯ ಬಾಡಿಗೆಗೆ, ಕೆಲಸದವರ ಕೂಲಿಗೆ ಹೋಗುತ್ತದೆ ಎನ್ನುವವರೂ ಇದ್ದಾರೆ. ಬಾಡಿಗೆಯ ಮಾತು ನಿಜ. ಕೂಲಿಯ ಮಾತನ್ನು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಮುಂದೆ ಆಡಲಾಗದು. 2016ರ ಏಪ್ರಿಲ್‌ನಲ್ಲಿ ಅವರು ತಮ್ಮದೇ ಭವಿಷ್ಯ ನಿಧಿ ಹಣಕ್ಕಾಗಿ ಬೀದಿಗಿಳಿದು ಹೊಸೂರು ರಸ್ತೆಯನ್ನೇ ನಿಲ್ಲಿಸಬೇಕಾಯಿತು. ಇನ್ನು, ಅಂಕಿ ಅಚ್ಚು ಹಾಕಿದರೆ ಓದುವವರು ಯಾರು ಎಂಬ ಪ್ರಶ್ನೆ. 2006ರಲ್ಲಿ ವಿದ್ಯುತ್ ಉಪಕರಣಗಳ ಮೇಲೆ ನಕ್ಷತ್ರದ ಚೀಟಿ ಬಂದಾಗಲೂ ಇದೇ ಅನುಮಾನವಿತ್ತು. ಇವತ್ತು ಫ್ರಿಜ್ ಕೊಳ್ಳಲು ಹೋದವರು ಎಷ್ಟು ಸ್ಟಾರ್ ಎಂದು ಕೇಳುತ್ತಾರೆ. ಆನ್‌ಲೈನಿನಲ್ಲಿ ಟೀ ಶರ್ಟ್ ಮಾರುವ ಕೆಲವು ಹೊಸ ಕಂಪನಿಗಳು 240 ಜಿಎಸ್‌ಎಂ ಎಂದು ತಾವಾಗಿಯೇ ಹಾಕಿಕೊಳ್ಳುತ್ತಿವೆ, ಹುಡುಗರು ಅದನ್ನು ನೋಡಿಯೇ ಕೊಳ್ಳುತ್ತಿದ್ದಾರೆ. ತೂಕವೊಂದೇ ಗುಣವಲ್ಲ ಎಂಬುದೂ ಸರಿ. ಬೇಸಿಗೆಯ ತೆಳು ಅಂಗಿ ಉತ್ತಮ ನೂಲಿನದಾಗಿರಬಹುದು. ಅದಕ್ಕೇ ಕುಗ್ಗುವ ಪ್ರಮಾಣವೂ ನಾರಿನ ಪಾಲೂ ತೂಕದ ಜೊತೆಗಿರಬೇಕು.

2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವಾಲಯ ಬಿಡಿಯಾಗಿ ಮಾರುವ ಸಿದ್ಧ ಉಡುಪುಗಳಿಗೆ ನಿಯಮ ಸಡಿಲಿಸಿತು. ಎಂಆರ್‌ಪಿ, ಅಳತೆ, ದೂರಿಗೆ ಫೋನ್ ನಂಬರ್ ಮೊದಲಾದ ಕೆಲವನ್ನಷ್ಟೇ ತಿಳಿಸಿದರೆ ಸಾಕು ಎಂದಿತು. ಆ ಪಟ್ಟಿಗೆ ಮೂರು ಸಾಲು ಸೇರಿಸಬೇಕು: ಯಾವ ನಾರು ಎಷ್ಟು ಪಾಲು, ಬಟ್ಟೆಯ ಜಿಎಸ್‌ಎಂ, ಒಗೆದಾಗ ಶೇಕಡಾ ಎಷ್ಟು ಕುಗ್ಗುತ್ತದೆ. ಕಾರ್ಖಾನೆಯ ಕಡತದಲ್ಲಿ ಈಗಾಗಲೇ ಇರುವ ಅಂಕಿಗಳವು. ಸಚಿವಾಲಯ ಕದಲುವವರೆಗೆ ಗ್ರಾಹಕರು ಅಂಗಡಿಯಲ್ಲಿ ಅಂಗಿಯನ್ನು ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡಲಿ, ಜಿಎಸ್‌ಎಂ ಎಷ್ಟು ಎಂದು ಕೇಳಲಿ. ಗೊತ್ತಿಲ್ಲ ಎಂಬ ಉತ್ತರ ಬಂದರೆ ಅಂಗಿಯನ್ನು ಅಲ್ಲೇ ಬಿಟ್ಟು ಬರಲಿ.